ಬೇಲಿ ಲೆಕ್ಕ: ಚದರಡಿ ರೇಟು ಬೇಡ, ಕಿಲೋ ರೇಟು ಕೇಳೋಣ

ಮನೆ 11:
ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆ ಮತ್ತೆ ಎರಡು ಎಮ್ಮೆ ಗಾರ್ಡನ್ ಒಳಗೆ! ಪುಣೆಯ ಬಿದಿರು ಪೇಟೆ ಬುರುಡ ಆಳಿಯಿಂದ ಬಿದಿರು ತಂದು ಕಟ್ಟಿದ್ದೆವಲ್ಲ, ಅದಕ್ಕೆ ಮೈ ಉಜ್ಜಿ ಉಜ್ಜಿ ಮಲಗಿಸಿಬಿಟ್ಟಿವೆ. ದಾಸವಾಳ ಬುಡದ ತನಕ ಖಾಲಿ. ಭಾನುವಾರ ಸೊಸೈಟಿ ಮೀಟಿಂಗ್. ಅಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಏನೂ ತೀರ್ಮಾನ ಆಗುವುದಿಲ್ಲ. ಅದಕ್ಕೇ ನಾವು ಏಳು ಕನ್ನಡ ಮನೆಯವರು ಇಲ್ಲಿ ಲೆಕ್ಕ ಮಾಡಿಟ್ಟುಕೊಳ್ಳೋಣ. ಮರಾಠಿಗೆ ನಾನು ಬರೆದುಕೊಡುತ್ತೇನೆ.

ಗಾರ್ಡನ್ 90 ಅಡಿಗೆ 60. ಸುತ್ತ 300 ಅಡಿ. ಗೇಟಿಗೆ 10 ಬಿಟ್ಟರೆ 290. ಎತ್ತರ 5 ಅಡಿ ಹಿಡಿದರೆ 1,450 ಚದರಡಿ. ಪ್ರೀಕಾಸ್ಟ್ ಗೋಡೆಗೆ (ಅಚ್ಚು ಹಾಕಿದ ಸಿಮೆಂಟ್ ಹಲಗೆ ಜೋಡಿಸುವುದು) ಚದರಡಿಗೆ 80 ರೂಪಾಯಿ ಹೇಳಿದರು, 1,16,000 ಆಯಿತು. ಚೈನ್‌ಲಿಂಕ್ ಜಾಳಿ (ತಂತಿ ಬಲೆ) 28 ರೂಪಾಯಿ, ಅಂದರೆ 40,600. ತಂತಿಯ ದಪ್ಪ 10 ಗೇಜ್ ಅಂತೆ. ಕಂಬ ಬೇರೆ. ಜಾಳಿಯ ಸ್ಯಾಂಪಲ್ ಒಂದು ತುಂಡು ತಂದು 16ನೇ ಮನೆ ಕಾಕಾ ಹತ್ತಿರ ಕೊಟ್ಟಿದ್ದೇನೆ.

ಮನೆ 3:
ಮುಳ್ಳುತಂತಿ ಯಾಕೆ ಬೇಡ? ಐದು ಎಳೆ ಹಾಕಿದರೆ 1,450 ಅಡಿ, ಅಂದರೆ 442 ಮೀಟರ್. 12 ಗೇಜಿನದು ಕಿಲೋಗೆ ಸುಮಾರು 9 ಮೀಟರ್ ಬರುತ್ತದೆ. 50 ಕಿಲೋ ಸಾಕು. 5,000ದಲ್ಲಿ ತಂತಿ ಮುಗೀತು.

ಮನೆ 7:
ಅಣ್ಣಾ, ನಿಮ್ಮ ಮಕ್ಕಳು ದೊಡ್ಡವರಾದರು, ಅದಕ್ಕೇ ಹೀಗಂತೀರಿ. ನಮ್ಮವನು ಚೆಂಡು ತರಲು ಹಳೇ ತಂತಿಯಡಿ ನುಸುಳಿ ಬೆನ್ನು ಗೀರಿಸಿಕೊಂಡಿದ್ದು ನೆನಪಿದೆ ಅಲ್ವಾ? ಅಂಗಿ ಹರಿದದ್ದಿರಲಿ, ರಾತ್ರಿ ಒಂಬತ್ತಕ್ಕೆ ಟಿಟಿ ಇಂಜೆಕ್ಷನ್‌ಗೆ ಓಡಿದೆ. ನನ್ನ ತಲೆಯಲ್ಲಿ ಮದರಂಗಿ ಬೇಲಿ ಇತ್ತು. ಅಡಿಗೊಂದು ಸಸಿ, ಎರಡು ಸಾಲು, 580. ನರ್ಸರಿಯಲ್ಲಿ 12 ರೂಪಾಯಿಗೆ ಒಂದು. 7,000ದೊಳಗೆ ಆಗುತ್ತದೆ.

ಮನೆ 3:
ವೈನಿ, ಅದು ಎದೆಮಟ್ಟ ಬರುವ ತನಕ ಎಮ್ಮೆಗಳು ಕಾಯುತ್ತವಾ?

ಮನೆ 7:
ಅದಕ್ಕೇ 'ಇತ್ತು' ಅಂದೆ. ಮೊದಲು ಜಾಳಿ ಆಗಲಿ. ಮದರಂಗಿ ಮಳೆ ಬಿದ್ದ ಮೇಲೆ ಒಳಗಿನಿಂದ ಹಚ್ಚೋಣ.

ಮನೆ 16:
ಜಾಳಿ ತುಂಡು ನೋಡಿದೆ. ಚಿಂಚವಾಡದಲ್ಲಿ ಮೂವತ್ತು ವರ್ಷ ಟೂಲ್ ರೂಮಿನಲ್ಲಿ ಕಳೆದವನು ನಾನು, ದಪ್ಪ ಅಳೆಯುವ ವರ್ನಿಯರ್ ಇನ್ನೂ ಡ್ರಾಯರಿನಲ್ಲೇ ಇದೆ. ನಾಲ್ಕು ಕಡೆ ಹಿಡಿದೆ. ನಾಲ್ಕೂ ಕಡೆ 2.6 ಮಿಮೀ. 10 ಗೇಜ್ ಅಂದರೆ 3.25 ಇರಬೇಕು. ಇದು 12 ಗೇಜ್. ಗೇಜ್ ನಂಬರ್ ಏರಿದಷ್ಟೂ ತಂತಿ ತೆಳು, ಅದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅಂಗಡಿಯವರಿಗೆ ಗೊತ್ತಿರುತ್ತದೆ.

ಎಷ್ಟು ವ್ಯತ್ಯಾಸ ಅಂತೀರಾ? 10 ಗೇಜ್ ತಂತಿ ಮೀಟರಿಗೆ 65 ಗ್ರಾಂ ತೂಗುತ್ತದೆ, 12 ಗೇಜ್ 43. ಎರಡಿಂಚು ಕಣ್ಣಿನ ಜಾಳಿ ನಮ್ಮ ಅಳತೆಗೆ 10 ಗೇಜಿನಲ್ಲಿ ಸುಮಾರು 370 ಕಿಲೋ. 12ರಲ್ಲಿ 245 ಅಷ್ಟೇ. ನಾನು ಫೋನ್ ಮಾಡಿದ ಇನ್ನೊಂದು ಅಂಗಡಿಯಲ್ಲಿ ಕಿಲೋಗೆ 100 ರೂಪಾಯಿ. ಅಂದರೆ ನಿಜವಾದ 10 ಗೇಜ್ 37,000ಕ್ಕೆ ಸಿಗುವಾಗ, ತೆಳು ತಂತಿಗೆ 40,600 ಕೇಳುತ್ತಿದ್ದಾರೆ. ಕಿಲೋಗೆ 165ರ ಮೇಲೆ ಬಿತ್ತು! ಚದರಡಿ ರೇಟಿನಲ್ಲಿ ಇದೆಲ್ಲ ಕಾಣುವುದೇ ಇಲ್ಲ. ತೂಕ ಮಾಡಿ ಕೊಡಿ ಅನ್ನಬೇಕು.

ಮನೆ 3:
ಕಾಕಾ, ಮೂರಿಂಚು ಕಣ್ಣಿನದು ತಗೊಂಡರೆ? ಎಮ್ಮೆ ತಡೆಯಲು ಅಷ್ಟು ಸಾಕಲ್ವಾ?

ಮನೆ 16:
ಎಮ್ಮೆಗೆ ಸಾಕು. 10 ಗೇಜಿನಲ್ಲೇ 245 ಕಿಲೋಗೆ ಇಳಿಯುತ್ತದೆ.

ಮನೆ 7:
ಟೆನಿಸ್ ಚೆಂಡು ಎರಡೂವರೆ ಇಂಚಿಗಿಂತ ಸ್ವಲ್ಪ ದಪ್ಪ. ಮೂರಿಂಚಿನಲ್ಲಿ ದಾಟಿ ಸೀದಾ ನಾಲಾಗೆ (ದೊಡ್ಡ ಚರಂಡಿಗೆ). ಆಮೇಲೆ ಅದರ ಹಿಂದೆ ನಮ್ಮ ಮಕ್ಕಳು.

ಮನೆ 11:
ನಾಲಾ ಕಡೆಯ 60 ಅಡಿಗೆ ಮಾತ್ರ ಎರಡಿಂಚು, ಉಳಿದ 230 ಅಡಿಗೆ ಮೂರಿಂಚು ಹಾಕಿದರೆ? 77 ಮತ್ತು 194, ಒಟ್ಟು 271 ಕಿಲೋ. 27,100. ಹತ್ತು ಅಡಿಗೊಂದು ಕಂಬ, ಹಾಗಾಗಿ 31 ಕಂಬ.

ಮನೆ 16:
31 ಅಲ್ಲ, 30. ಸುತ್ತು ಬಂದು ಮೊದಲ ಕಂಬಕ್ಕೇ ಸೇರುತ್ತದೆ. ಆದರೆ ಮೂಲೆಗಳನ್ನು ಮರೆತಿರಿ. ನಮ್ಮದು ಎರೆ ಮಣ್ಣು, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಜಾಳಿ ಬಿಗಿದರೆ ಮೂಲೆ ಕಂಬ ಒಳಗೆ ವಾಲುತ್ತದೆ. ಮೂಲೆಗೆ ಎರಡರಂತೆ ಎಂಟು, ಗೇಟಿಗೆ ಎರಡು, ಒಟ್ಟು ಹತ್ತು ಓರೆ ಕಂಬ ಆಸರೆಗೆ ಬೇಕು. ಹಾಗೆ 40 ಆಯಿತು. ಸಿಮೆಂಟ್ ಕಂಬ 350ರಂತೆ 14,000. ಒಂದೂವರೆ ಅಡಿ ಆಳದ ಗುಂಡಿಗಳಿಗೆ 11 ಚೀಲ ಸಿಮೆಂಟ್, 4,200. ಜಾಳಿ ಪೋಣಿಸುವ ಮೂರು ಸಾಲು ತಂತಿ 17 ಕಿಲೋ, 1,700.

ಮನೆ 11:
ಜಾಳಿಗೂ ತಂತಿಗೂ 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 34,000. ಮರಳು, ಖಡಿ (ಜಲ್ಲಿ), ಕೂಲಿ 18,000 ಹಿಡಿದೆ. ಎಲ್ಲ ಸೇರಿ 70,000 ಚಿಲ್ಲರೆ. 24 ಮನೆಗೆ ಹಂಚಿದರೆ ತಲಾ 2,950ರೊಳಗೆ. ಪ್ರೀಕಾಸ್ಟ್ ಆಗಿದ್ದರೆ 4,800 ದಾಟುತ್ತಿತ್ತು. ಶನಿವಾರ ಹತ್ತಕ್ಕೆ ಅಂಗಡಿಗೆ ಹೋಗೋಣ. ಕಾಕಾ, ವರ್ನಿಯರ್ ಮರೆಯಬೇಡಿ.

ಮನೆ 7:
ಹಳೇ ಗೇಟೇ ಇಟ್ಟುಕೊಳ್ಳುತ್ತೇವೆ ಅಲ್ವಾ? ಅದರ ಕೊಂಡಿ ಮುರಿದು ದೀಪಾವಳಿಯಿಂದ ಪ್ಲಾಸ್ಟಿಕ್ ಹಗ್ಗ ಕಟ್ಟಿದೆ. ಇವತ್ತು ಎಮ್ಮೆ ಬಂದಿದ್ದು ಬಿದಿರು ದಾಟಿ ಅಲ್ಲ, ಅಲ್ಲಿಂದಲೇ. ನಾನು ಬಾಲ್ಕನಿಯಿಂದ ನೋಡಿದೆ.

ಮನೆ 3:
ಅಯ್ಯೋ. ವೆಲ್ಡರ್ ಗೊತ್ತಿದ್ದಾರೆ, ನಾಳೆ ಬೆಳಿಗ್ಗೆ ಕರೆತರುತ್ತೇನೆ.