ಸಂದರ್ಶನಕ್ಕೆ ಹೊರಟ ಮಲೆನಾಡಿನ ಮಕ್ಕಳಿಗೆ: ಪ್ರಶ್ನೆ ಕೇಳಿ, ಉತ್ತರಿಸುತ್ತೇನೆ

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಹತ್ತೊಂಬತ್ತು ವರ್ಷ ನೇಮಕಾತಿ ವಿಭಾಗದಲ್ಲಿದ್ದೆ. ಮೊದಲು ಒಂದು ಕಾರ್ಖಾನೆ, ಆಮೇಲೆ ಒಂದು ಸಾಫ್ಟ್‌ವೇರ್ ಕಂಪನಿ. ಈಗ ಸಾಗರದ ಹತ್ತಿರ ತೋಟದ ಮನೆಯಲ್ಲಿದ್ದೇನೆ. ಈ ತಿಂಗಳು ನಮ್ಮ ಜಿಲ್ಲೆಯ ಹಲವು ಮಕ್ಕಳಿಗೆ ಸಂದರ್ಶನದ ಕರೆ ಬಂದಿದೆ ಎಂದು ಗುಂಪಿನ ಹಿರಿಯರು ಹೇಳಿದರು. ಭಾನುವಾರ ಸಂಜೆಯವರೆಗೆ ಇಲ್ಲೇ ಕೇಳಿ. ಹೆಸರು ಬೇಡ, ಊರು ಮತ್ತು ಓದು ಬರೆದರೆ ಸಾಕು.

ಪ್ರಶ್ನೆ (ಹೊಸನಗರ ತಾಲ್ಲೂಕು, ಬಿ.ಕಾಂ.): ಮೇಡಂ, ಮುಂದಿನ ಗುರುವಾರ ಬೆಂಗಳೂರಿನ ಒಂದು ಹಣಕಾಸು ಕಂಪನಿಯಲ್ಲಿ ಲೆಕ್ಕಪತ್ರ ಸಹಾಯಕಿಯ ಕೆಲಸಕ್ಕೆ ಸಂದರ್ಶನವಿದೆ. ನನಗೆ ಇದೇ ಮೊದಲನೆಯದು. ‘ನಿಮ್ಮ ಬಗ್ಗೆ ಹೇಳಿ’ ಎಂದರೆ ಏನು ಹೇಳಬೇಕು? ಅನುಭವ ಏನೂ ಇಲ್ಲ. ಮನೆಯಲ್ಲಿ ತೋಟದ ಕೆಲಸ ಅಷ್ಟೇ.

ಉತ್ತರ: ಆ ‘ಅಷ್ಟೇ’ ಎಂಬ ಪದವನ್ನು ಮೊದಲು ಬಿಡು ತಂಗಿ. ಒಂದು ಮಾತು ಹೇಳು, ಅಡಿಕೆ ಸುಲಿತದ ಕಾಲದಲ್ಲಿ ನಿಮ್ಮ ಮನೆಯಲ್ಲಿ ಲೆಕ್ಕ ಬರೆಯುವವರು ಯಾರು?

ಅವರೇ: ನಾನೇ ಮೇಡಂ, ಪಿಯುಸಿಯಲ್ಲಿದ್ದಾಗಿನಿಂದ. ಸುಲಿಯಲು ಹದಿನಾಲ್ಕು ಜನ ಬರುತ್ತಾರೆ. ಯಾರು ಎಷ್ಟು ಡಬ್ಬ ಸುಲಿದರು, ಮುಂಗಡ ಎಷ್ಟು ತೆಗೆದುಕೊಂಡಿದ್ದಾರೆ, ವಾರಕ್ಕೆ ಎಷ್ಟು ಕೊಡಬೇಕು, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಮೊದಲ ವರ್ಷ ಎರಡು ಡಬ್ಬದ ಲೆಕ್ಕ ತಪ್ಪಿ ಒಬ್ಬ ಅಕ್ಕ ತುಂಬ ನೊಂದುಕೊಂಡಿದ್ದರು. ಆಮೇಲಿನಿಂದ ಡಬ್ಬ ಅಳೆದ ಕೂಡಲೇ ಅವರ ಎದುರಿಗೇ ಗೀಟು ಎಳೆಯುತ್ತೇನೆ. ರಾತ್ರಿ ಅವರು ಕೆಲಸ ಮುಗಿಸಿ ಏಳುವ ಮೊದಲು ಎಲ್ಲರ ಲೆಕ್ಕವನ್ನೂ ಗಟ್ಟಿಯಾಗಿ ಓದುತ್ತೇನೆ. ಮತ್ತೆ ಮಾತು ಬಂದಿಲ್ಲ.

ಉತ್ತರ: ಇದನ್ನು ಓದಿ ನನಗೆ ಎಷ್ಟು ಸಂತೋಷವಾಯಿತೆಂದರೆ, ನಾನು ಆ ಮೇಜಿನ ಹಿಂದೆ ಕುಳಿತಿದ್ದರೆ ಪೆನ್ನು ತೆಗೆದು ನಿನ್ನ ಹೆಸರಿನ ಮುಂದೆ ಗುರುತು ಹಾಕುತ್ತಿದ್ದೆ. ಹದಿನಾಲ್ಕು ಜನರ ಕೂಲಿ, ಮುಂಗಡದ ಕಡಿತ, ವಾರದ ಬಟವಾಡೆ, ಒಂದು ತಪ್ಪು, ಆ ತಪ್ಪು ಮರುಕಳಿಸದಂತೆ ನೀನೇ ಕಂಡುಕೊಂಡ ದಾರಿ. ಲೆಕ್ಕಪತ್ರ ವಿಭಾಗದಲ್ಲಿ ಕೂರುವವರಿಂದ ಅವರು ಬಯಸುವುದು ಇದನ್ನೇ. ಇದನ್ನು ಅನುಭವವಲ್ಲ ಎಂದು ನಿನಗೆ ಹೇಳಿದವರು ಯಾರು?

‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಅಪ್ಪನ ಹೆಸರು, ಅಣ್ಣ ತಮ್ಮಂದಿರ ಸಂಖ್ಯೆ, ಹವ್ಯಾಸಗಳ ಪಟ್ಟಿ ಬೇಡ. ಅವು ಅರ್ಜಿಯಲ್ಲಿ ಇವೆ. ಒಂದೂವರೆ ನಿಮಿಷದಲ್ಲಿ ಮುಗಿಸು: ಯಾವ ಊರು, ಏನು ಓದಿದೆ, ನಿನ್ನ ಕೈಯಿಂದ ಆದ ಒಂದು ಕೆಲಸ, ಈ ಹುದ್ದೆ ಏಕೆ ಬೇಕು. ಸುಲಿತದ ಲೆಕ್ಕವೇ ಅದರ ನಡುಭಾಗ. ಹೀಗೆ ಹೇಳಿ ನೋಡು:

‘ನಾನು ಹೊಸನಗರದ ಕಡೆಯವಳು, ಬಿ.ಕಾಂ. ಮುಗಿಸಿದ್ದೇನೆ. ನಮ್ಮದು ಅಡಿಕೆ ತೋಟ. ಸುಲಿತದ ಕಾಲದಲ್ಲಿ ಹದಿನಾಲ್ಕು ಜನರ ಕೂಲಿ ಲೆಕ್ಕವನ್ನು ಐದು ವರ್ಷಗಳಿಂದ ನಾನೇ ಬರೆಯುತ್ತಿದ್ದೇನೆ. ಮೊದಲ ವರ್ಷ ಲೆಕ್ಕ ತಪ್ಪಿತ್ತು. ಅಳತೆಯಾದ ಕೂಡಲೇ ಅವರೆದುರಿಗೇ ಬರೆದು, ಅಂದಿನ ಲೆಕ್ಕವನ್ನು ಅಂದೇ ಓದಿ ಹೇಳುವ ಪದ್ಧತಿ ಮಾಡಿದೆ. ಆಮೇಲೆ ವ್ಯತ್ಯಾಸ ಬಂದಿಲ್ಲ. ಇದೇ ಕೆಲಸವನ್ನು ಕಂಪನಿಯಲ್ಲಿ, ಕಂಪ್ಯೂಟರ್ ಲೆಕ್ಕದಲ್ಲಿ ಕಲಿಯಬೇಕೆಂದು ಬಂದಿದ್ದೇನೆ.’

ಇದನ್ನು ಬಾಯಿಪಾಠ ಮಾಡಬೇಡ. ಬಾಯಿಪಾಠದ ಮಾತು ನಡುವೆ ಒಂದು ಪದ ಮರೆತರೆ ಅಲ್ಲೇ ನಿಂತುಬಿಡುತ್ತದೆ. ಅಟ್ಟದ ಮೇಲೋ ತೋಟದ ದಾರಿಯಲ್ಲೋ ದಿನಕ್ಕೆ ಎರಡು ಬಾರಿ ಗಟ್ಟಿಯಾಗಿ ಹೇಳು, ಪ್ರತಿ ಸಲವೂ ಪದ ಬೇರೆಯಾದರೆ ಆಗಲಿ. ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿ ಒಮ್ಮೆ ಕೇಳು.

ಇನ್ನೊಂದು ಮಾತು, ಇದು ಎಲ್ಲರಿಗೂ. ನಮ್ಮ ಕಡೆ ‘ನಾನು ಮಾಡಿದೆ’ ಎನ್ನುವುದು ಹೆಚ್ಚುಗಾರಿಕೆ ಎಂದು ಮಕ್ಕಳಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿರುತ್ತೇವೆ. ‘ಏನೋ ಸ್ವಲ್ಪ ಗೊತ್ತು’, ‘ನಾವೆಲ್ಲ ಸೇರಿ ಮಾಡಿದೆವು’ ಎಂದೇ ಮಾತು ಬರುತ್ತದೆ. ಊರಿನಲ್ಲಿ ಅದು ಒಳ್ಳೆಯ ಗುಣ, ಸಂದರ್ಶನದಲ್ಲಿ ಅದೇ ಅಡ್ಡಬರುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯದೇ ಹುಡುಗನೊಬ್ಬ ನನ್ನೆದುರು ಕುಳಿತಿದ್ದ. ಕಾಲೇಜಿನ ಪ್ರಾಜೆಕ್ಟ್ ಬಗ್ಗೆ ಏನು ಕೇಳಿದರೂ ‘ನಾವು ಮಾಡಿದೆವು ಮೇಡಂ’. ‘ಅದರಲ್ಲಿ ನಿಮ್ಮ ಪಾಲೇನು?’ ಎಂದೆ. ತಲೆ ತಗ್ಗಿಸಿ ‘ಎಲ್ಲರೂ ಸೇರಿ’ ಎಂದ. ಕೆಲಸ ಬೇರೆಯವರದ್ದು, ಹೆಸರು ಮಾತ್ರ ಇವನದು ಎಂದುಕೊಂಡು ಅವನನ್ನು ಕೈಬಿಟ್ಟೆ. ಮೂರು ತಿಂಗಳ ನಂತರ ಅವನ ಉಪನ್ಯಾಸಕರೊಬ್ಬರು ಸಿಕ್ಕಾಗ ತಿಳಿಯಿತು: ನಾಲ್ವರ ತಂಡದಲ್ಲಿ ರಾತ್ರಿ ಕುಳಿತು ಅದನ್ನು ಪೂರ್ತಿಗೊಳಿಸಿದವನು ಅವನೊಬ್ಬನೇ. ಅಷ್ಟರಲ್ಲಿ ಆ ಜಾಗ ತುಂಬಿತ್ತು. ನಾನು ಇನ್ನೂ ಎರಡು ಪ್ರಶ್ನೆ ಕೇಳಬೇಕಿತ್ತು ಎಂಬ ನೋವು ಇಂದಿಗೂ ಇದೆ. ಆದರೆ ಎದುರಿಗಿರುವವರು ಕೆದಕಿ ಕೇಳುತ್ತಾರೆ ಎಂದು ನಂಬಿಕೊಂಡು ಹೋಗಬೇಡಿ. ತಂಡದ ಕೆಲಸವನ್ನು ಹೇಳುವಾಗ ‘ನಾವು ನಾಲ್ವರಿದ್ದೆವು, ಅದರಲ್ಲಿ ಈ ಭಾಗವನ್ನು ನಾನು ಮಾಡಿದೆ’ ಎನ್ನಿ. ಅದು ಜಂಬವಲ್ಲ, ಸರಿಯಾದ ಲೆಕ್ಕ.

ಪ್ರಶ್ನೆ (ಭದ್ರಾವತಿ, ಮೆಕ್ಯಾನಿಕಲ್ ಡಿಪ್ಲೊಮಾ): ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ (ಲೋಹದ ಎರಕದ ಕಾರ್ಖಾನೆ) ಗುಣಮಟ್ಟ ಪರಿಶೀಲನೆಯ ಕೆಲಸಕ್ಕೆ ಕರೆದಿದ್ದಾರೆ. ಗೊತ್ತಿಲ್ಲದ್ದನ್ನು ಕೇಳಿದರೆ ಏನು ಮಾಡಲಿ?

ಉತ್ತರ: ಗುಣಮಟ್ಟ ಪರಿಶೀಲನೆ ಎಂದರೆ ಕೈಗೆ ವರ್ನಿಯರ್ ಕ್ಯಾಲಿಪರ್ (ಎರಡು ದವಡೆಗಳ ನಡುವೆ ವಸ್ತುವನ್ನು ಹಿಡಿದು ಅಳೆಯುವ ಸಾಧನ) ಕೊಟ್ಟು, ಒಂದು ಎರಕದ ತುಂಡನ್ನು ಮುಂದಿಟ್ಟು ‘ಅಳೆಯಿರಿ’ ಎನ್ನುವ ಸಾಧ್ಯತೆ ಬಹಳ. ನಾನಿದ್ದ ಕಾರ್ಖಾನೆಯಲ್ಲಿ ಇದೇ ಮೊದಲ ಪರೀಕ್ಷೆ. ಹೆಚ್ಚಿನವರು ಗಡಿಬಿಡಿಯಲ್ಲಿ ತುಂಡನ್ನು ಹಿಡಿದು ಅಂಕಿ ಓದಲು ಹೊರಡುತ್ತಿದ್ದರು. ಕೆಲವರು ಮಾತ್ರ ದವಡೆಗಳನ್ನು ಬಟ್ಟೆಯಿಂದ ಒರೆಸಿ, ಪೂರ್ತಿ ಮುಚ್ಚಿ, ಸೊನ್ನೆಗೆ ಸೊನ್ನೆ ಕೂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಮ್ಮ ಹಿರಿಯ ಇಂಜಿನಿಯರ್ ಅವರಿಗೆ ಅಷ್ಟರಲ್ಲೇ ಅರ್ಧ ಒಪ್ಪಿಗೆಯಾಗಿರುತ್ತಿತ್ತು. ಸೊನ್ನೆಯ ದೋಷ ನೋಡದೆ ಅಳೆದ ಅಂಕಿಗೆ ಬೆಲೆಯಿಲ್ಲ. ಸಾಮಾನ್ಯ ವರ್ನಿಯರ್‌ನಲ್ಲಿ 0.02 ಮಿ.ಮೀ.ವರೆಗೆ, ಮೈಕ್ರೋಮೀಟರ್‌ನಲ್ಲಿ 0.01 ಮಿ.ಮೀ.ವರೆಗೆ ಓದಬಹುದು ಎಂಬುದು ನಾಲಿಗೆಯ ತುದಿಯಲ್ಲಿರಲಿ. ಎರಕದಲ್ಲಿ ಗಾಳಿಗುಳ್ಳೆ ಏಕೆ ಬರುತ್ತದೆ, ಮರಳಿನಲ್ಲಿ ತೇವ ಹೆಚ್ಚಾದರೆ ಏನಾಗುತ್ತದೆ, ಕುಗ್ಗುವಿಕೆಯಿಂದ ಆಗುವ ಟೊಳ್ಳು ಹೇಗಿರುತ್ತದೆ, ಇವನ್ನು ಓದಿಕೊಂಡು ಹೋಗು ತಮ್ಮ.

ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಸರ್’ ಎಂದು ನೇರವಾಗಿ ಹೇಳು. ಅದರ ಹತ್ತಿರದ ಸಂಗತಿ ಗೊತ್ತಿದ್ದರೆ ಅದನ್ನೂ ಸೇರಿಸು: ‘ಆ ಯಂತ್ರದಲ್ಲಿ ಕೆಲಸ ಮಾಡಿಲ್ಲ, ಕಾಲೇಜಿನಲ್ಲಿ ಲೇತ್ ಮೇಲೆ ಇಂಥದ್ದನ್ನು ಮಾಡಿದ್ದೇನೆ.’ ಊಹಿಸಿ ಹೇಳುವವನನ್ನು ಗುಣಮಟ್ಟದ ವಿಭಾಗಕ್ಕೆ ಯಾರೂ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ನಾಳೆ ಅವನು ಅಳತೆಯನ್ನೂ ಊಹಿಸಿ ಬರೆದಾನು.

ಪ್ರಶ್ನೆ (ಸೊರಬ, ಬಿ.ಸಿ.ಎ.): ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಅರ್ಥವಾಗುತ್ತದೆ, ಮಾತನಾಡುವಾಗ ನಾಲಿಗೆ ತಡವರಿಸುತ್ತದೆ. ಎರಡು ಕಡೆ ಇದರಿಂದಲೇ ಹೋಯಿತು ಎನಿಸುತ್ತದೆ.

ಉತ್ತರ: ಇರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಗ್ರಾಹಕರೊಂದಿಗೆ ದಿನವಿಡೀ ಮಾತನಾಡುವ ಕೆಲಸವಾದರೆ ಭಾಷೆಯನ್ನು ನೋಡಿಯೇ ನೋಡುತ್ತಾರೆ. ಆದರೆ ನಾನು ಕಂಡಂತೆ, ತಪ್ಪು ವ್ಯಾಕರಣದಿಂದ ಕೆಲಸ ಕಳೆದುಕೊಂಡವರಿಗಿಂತ, ಮನಸ್ಸಿನಲ್ಲೇ ಕನ್ನಡದ ಉದ್ದ ವಾಕ್ಯ ಕಟ್ಟಿ ಅದನ್ನು ಇಂಗ್ಲಿಷ್‌ಗೆ ತಿರುಗಿಸಲು ಹೋಗಿ ಮೌನವಾದವರೇ ಹೆಚ್ಚು. ಐದಾರು ಪದದ ಸಣ್ಣ ವಾಕ್ಯ ಹೇಳಿ, ನಿಲ್ಲಿಸಿ, ಇನ್ನೊಂದು ಹೇಳಿ. ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಹೇಳಲು ಕೇಳಿಕೊಳ್ಳಿ. ನಿಮ್ಮ ಪ್ರಾಜೆಕ್ಟ್ ಬಗ್ಗೆ ಇಪ್ಪತ್ತು ವಾಕ್ಯ ಬರೆದುಕೊಂಡು, ಮನೆಯಲ್ಲಿ ತಂಗಿಗೋ ಗೆಳೆಯನಿಗೋ ಪ್ರತಿದಿನ ಇಂಗ್ಲಿಷ್‌ನಲ್ಲೇ ವಿವರಿಸಿ. ತಾಂತ್ರಿಕ ಪ್ರಶ್ನೆಗೆ ಮಾತು ಸಿಗದಿದ್ದರೆ ಕಾಗದ ಕೇಳಿ ಚಿತ್ರ ಬರೆದು ತೋರಿಸಿ. ಎದುರಿಗಿರುವವರಿಗೆ ಕನ್ನಡ ಬರುತ್ತದೆಂದು ಗೊತ್ತಾದರೆ ‘ಒಂದು ಮಾತು ಕನ್ನಡದಲ್ಲಿ ಹೇಳಬಹುದೇ’ ಎಂದು ಕೇಳುವುದರಲ್ಲಿ ತಪ್ಪಿಲ್ಲ, ಒಂದು ಮಾತಿಗೆ ಮಾತ್ರ.

ಪ್ರಶ್ನೆ (ತೀರ್ಥಹಳ್ಳಿ): ವಿಡಿಯೊ ಕರೆಯಲ್ಲಿ ಸಂದರ್ಶನ. ಮಳೆ ಜೋರಾದರೆ ನಮ್ಮಲ್ಲಿ ಕರೆಂಟ್ ಇರುವುದಿಲ್ಲ, ಸಿಗ್ನಲ್ ಕೂಡ ಹೋಗುತ್ತದೆ.

ಉತ್ತರ: ಮನೆಯನ್ನು ನಂಬಬೇಡಿ. ಆ ದಿನ ಪೇಟೆಯಲ್ಲಿ ಪರಿಚಯದವರ ಮನೆಯಲ್ಲೋ ಕಾಲೇಜಿನಲ್ಲೋ ಒಂದು ಕೋಣೆ ಕೇಳಿಕೊಳ್ಳಿ. ಹಿಂದಿನ ದಿನವೇ ಅದೇ ಹೊತ್ತಿಗೆ ಅಲ್ಲಿಂದ ಒಂದು ಕರೆ ಮಾಡಿ ನೋಡಿ. ಸಂಪರ್ಕ ಕಡಿದರೆ ಮುಂದುವರಿಸಲು ದೂರವಾಣಿ ಸಂಖ್ಯೆ ಕೊಡಿ ಎಂದು ಮೊದಲೇ ಇಮೇಲ್ ಬರೆದಿಡಿ. ಬೆಳಕು ಮುಖದ ಮುಂದಿರಲಿ, ಬೆನ್ನ ಹಿಂದೆ ಕಿಟಕಿ ಬೇಡ.

ಪ್ರಶ್ನೆ (ಶಿಕಾರಿಪುರ): ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಮೂಲಕ ಬ್ಯಾಂಕಿನ ಪ್ರೊಬೇಷನರಿ ಅಧಿಕಾರಿ ಹುದ್ದೆಯ ಸಂದರ್ಶನಕ್ಕೆ ಆಯ್ಕೆಯಾಗಿದ್ದೇನೆ. ಅಂಕ ಹೇಗೆ? ಏನು ಕೇಳುತ್ತಾರೆ?

ಉತ್ತರ: ಅಭಿನಂದನೆಗಳು. ಸಂದರ್ಶನಕ್ಕೆ 100 ಅಂಕ. ಕನಿಷ್ಠ ಶೇ 40 ಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ ಶೇ 35. ಅಂತಿಮ ಪಟ್ಟಿಯಲ್ಲಿ ಮುಖ್ಯ ಪರೀಕ್ಷೆಗೂ ಸಂದರ್ಶನಕ್ಕೂ 80:20 ರ ಅನುಪಾತ. ಮುಖ್ಯ ಪರೀಕ್ಷೆಯ ಫಲ ಆಗಲೇ ನಿಮ್ಮ ಕೈಯಲ್ಲಿದೆ, ಇನ್ನು ಬದಲಾಗುವುದು ಈ 20 ಮಾತ್ರ.

ಬ್ಯಾಂಕಿನ ಮೂಲ ಸಂಗತಿಗಳು ಬಾಯಲ್ಲಿರಲಿ: ಸಾಲದ ಕಂತು 90 ದಿನ ಮೀರಿ ಬಾಕಿಯಾದರೆ ಅದು ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ, ಬೆಳೆ ಸಾಲಕ್ಕೆ ಮಾತ್ರ ದಿನದ ಬದಲು ಬೆಳೆಯ ಹಂಗಾಮಿನ ಲೆಕ್ಕ, ಠೇವಣಿಗೆ ವಿಮೆ 2020 ರಿಂದ ಐದು ಲಕ್ಷ ರೂಪಾಯಿವರೆಗೆ, ಬ್ಯಾಂಕು ಕೊಡುವ ಸಾಲದಲ್ಲಿ ಕೃಷಿಗೆ ಹೋಗಬೇಕಾದ ಪಾಲಿನ ಗುರಿ ಶೇ 18. ಇವು ಎಲ್ಲರಿಗೂ ಗೊತ್ತಿರುತ್ತವೆ. ನಿಮ್ಮನ್ನು ಬೇರೆಯಾಗಿ ಕಾಣಿಸುವುದು ನಿಮ್ಮ ಊರು. ‘ನಿಮ್ಮ ಜಿಲ್ಲೆಯ ವಿಶೇಷವೇನು?’ ಎಂದರೆ ಜೋಗ ಎಂದು ಹೇಳಿ ಸುಮ್ಮನಾಗಬೇಡಿ. ಅಡಿಕೆ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಬಗೆಗಳಿಗೆ ದರ ಏಕೆ ಬೇರೆಯಾಗುತ್ತದೆ, ಕೊಳೆರೋಗಕ್ಕೆ ಮಳೆಗಾಲದ ಮುನ್ನ ಬೋರ್ಡೋ ದ್ರಾವಣ (ಮೈಲುತುತ್ತ ಮತ್ತು ಸುಣ್ಣದ ಔಷಧಿ) ಹೊಡೆಯಲು ರೈತನ ಕೈಯಲ್ಲಿ ಆಗ ಹಣ ಏಕಿರುವುದಿಲ್ಲ, ಆ ಹೊತ್ತಿಗೆ ಅವನು ಯಾರ ಬಾಗಿಲಿಗೆ ಹೋಗುತ್ತಾನೆ, ಬೆಳೆಗಾರರ ಸಹಕಾರಿ ಸಂಘಗಳು ಏನು ಮಾಡುತ್ತವೆ, ಇವನ್ನು ಹೇಳಿ. ಶಿಕಾರಿಪುರದವರಾದ ನಿಮಗೆ ಮೆಕ್ಕೆಜೋಳ ಬೆಳೆಯುವವರ ಕಷ್ಟವೂ ಗೊತ್ತಿರುತ್ತದೆ. ನಾಳೆ ಗ್ರಾಮೀಣ ಶಾಖೆಯಲ್ಲಿ ಕೂರುವ ಅಧಿಕಾರಿಗೆ ಇದು ತಿಳಿದಿದೆ ಎಂಬುದು ಮಂಡಳಿಯವರಿಗೆ ಕಾಣಬೇಕು.

ಪ್ರಶ್ನೆ (ಶಿವಮೊಗ್ಗ, ಎಂ.ಎಸ್ಸಿ., ಬಿ.ಎಡ್.): ಮದುವೆ, ಮಗು ಎಂದು ಆರು ವರ್ಷ ಮನೆಯಲ್ಲಿದ್ದೆ. ಈಗ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯ ಸಂದರ್ಶನ. ಆ ಆರು ವರ್ಷಗಳ ಬಗ್ಗೆ ಕೇಳಿದರೆ ಮುಜುಗರವಾಗುತ್ತದೆ.

ಉತ್ತರ: ಮುಜುಗರ ಪಡಬೇಡಿ, ಕ್ಷಮೆಯನ್ನೂ ಕೇಳಬೇಡಿ. ‘ಮಗು ಚಿಕ್ಕದಿತ್ತು, ಮನೆಯಲ್ಲಿದ್ದೆ. ಈಗ ಮಗು ಶಾಲೆಗೆ ಹೋಗುತ್ತಿದೆ, ಪೂರ್ಣಾವಧಿಗೆ ಸಿದ್ಧಳಿದ್ದೇನೆ.’ ಎರಡೇ ವಾಕ್ಯ. ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳಿದ್ದರೆ ಅದನ್ನೂ ಸೇರಿಸಿ. ನಿಮ್ಮ ನಿಜವಾದ ಪರೀಕ್ಷೆ ಮಾದರಿ ಪಾಠ. ಈಗಿನ ಪಠ್ಯಪುಸ್ತಕಗಳನ್ನು ಈ ವಾರವೇ ತಂದು ಓದಿ, ಆರು ವರ್ಷಗಳ ಹಿಂದಿನ ನೆನಪನ್ನು ನೆಚ್ಚಿಕೊಳ್ಳಬೇಡಿ. ಪಾಠಕ್ಕೆ ಒಂದು ವಸ್ತು ಒಯ್ಯಿರಿ, ಲೋಟ ನೀರು ಮತ್ತು ಪೆನ್ಸಿಲ್ ಇದ್ದರೂ ಬೆಳಕಿನ ವಕ್ರೀಭವನ ತೋರಿಸಬಹುದು. ಮಕ್ಕಳ ಕಡೆ ನೋಡಿ ಪಾಠ ಮಾಡಿ, ಹಿಂದೆ ಕುಳಿತ ಮುಖ್ಯೋಪಾಧ್ಯಾಯರ ಕಡೆಗಲ್ಲ.

ಪ್ರಶ್ನೆ (ಸಾಗರ): ‘ಸಂಬಳ ಎಷ್ಟು ನಿರೀಕ್ಷಿಸುತ್ತೀರಿ’ ಎಂದರೆ?

ಉತ್ತರ: ಅದೇ ಕೆಲಸದಲ್ಲಿರುವ ಇಬ್ಬರನ್ನು ಮೊದಲೇ ವಿಚಾರಿಸಿ. ಬೆಂಗಳೂರಾದರೆ ಬಾಡಿಗೆ, ಊಟ, ಬಸ್ಸಿನ ಖರ್ಚು ಕೂಡಿಸಿ ಇದಕ್ಕಿಂತ ಕಡಿಮೆಯಾದರೆ ಬದುಕಲಾಗದು ಎಂಬ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಅದಕ್ಕಿಂತ ಸ್ವಲ್ಪ ಮೇಲಿನದನ್ನು ಹೇಳಿ. ‘ನೀವು ಕೊಟ್ಟಷ್ಟು’ ಎನ್ನಬೇಡಿ.

ಪ್ರಶ್ನೆ (ಶಿವಮೊಗ್ಗ): ತಮ್ಮನಿಗೆ ಕೆಲಸ ಖಚಿತ, ತರಬೇತಿಗೆ ಎಂಟು ಸಾವಿರ ಕಟ್ಟಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ.

ಉತ್ತರ: ಕಟ್ಟಬೇಡಿ. ಸಂದರ್ಶನವನ್ನೇ ಮಾಡದೆ ಕೆಲಸ ಖಚಿತ ಎಂದು ಹಣ ಕೇಳುವವರು ಮೋಸಗಾರರು. ಆಗಲೇ ಕಟ್ಟಿದ್ದರೆ ಈ ಕ್ಷಣವೇ 1930 ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ತಡವಾದಷ್ಟೂ ಹಣ ಕೈ ತಪ್ಪುತ್ತದೆ.

ಪ್ರಶ್ನೆ (ಮೊದಲು ಕೇಳಿದ ಹೊಸನಗರದವರು): ಅಕ್ಕ, ನೀವು ಹೇಳಿದಂತೆ ಮೂರು ದಿನದಿಂದ ಹೇಳಿಕೊಳ್ಳುತ್ತಿದ್ದೇನೆ. ಗುರುವಾರ 10.30 ಕ್ಕೆ ಸಂದರ್ಶನ. ಶಿವಮೊಗ್ಗದಿಂದ ಬೆಳಗಿನ ಜನಶತಾಬ್ದಿ ರೈಲಿಗೆ ಹೋದರೆ ಸಾಕೇ? ಇನ್ನೊಂದು, ಸುಲಿತದ ನೋಟ್‌ಬುಕ್ ಒಯ್ಯಲೇ?

ಉತ್ತರ: ಜನಶತಾಬ್ದಿ ಬೇಡ. ಅರ್ಧ ಗಂಟೆ ತಡವಾದರೂ ನಿನ್ನ ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ. ಬುಧವಾರ ರಾತ್ರಿ ತಾಳಗುಪ್ಪದಿಂದ ಬರುವ ರೈಲಿಗೆ ಹೋಗು. ನಿಲ್ದಾಣದ ಮಹಿಳೆಯರ ನಿರೀಕ್ಷಣಾ ಕೊಠಡಿಯಲ್ಲಿ ಮುಖ ತೊಳೆದು ಬಟ್ಟೆ ಬದಲಾಯಿಸು. ಇಸ್ತ್ರಿ ಮಾಡಿದ್ದನ್ನು ಬೇರೆ ಚೀಲದಲ್ಲಿ ಮಡಿಸಿಟ್ಟುಕೋ. ತಿಂಡಿ ತಿಂದೇ ಹೋಗು. ಅಂಕಪಟ್ಟಿಗಳ ಮೂಲಪ್ರತಿ, ಎರಡು ಜೊತೆ ನಕಲು, ಎರಡು ಭಾವಚಿತ್ರ ಇರಲಿ. ಕೊನೆಗೆ ‘ನಿಮ್ಮದೇನಾದರೂ ಪ್ರಶ್ನೆ ಇದೆಯೇ’ ಎಂದರೆ, ಮೊದಲ ಮೂರು ತಿಂಗಳು ಯಾವ ಲೆಕ್ಕವನ್ನು ನನ್ನ ಕೈಗೆ ಕೊಡುತ್ತೀರಿ ಎಂದು ಕೇಳು.

ನೋಟ್‌ಬುಕ್ ಒಯ್ಯಿ. ನೀನಾಗಿ ತೆಗೆಯಬೇಡ, ಲೆಕ್ಕದ ಮಾತು ಬಂದಾಗ ‘ತಂದಿದ್ದೇನೆ, ನೋಡುತ್ತೀರಾ’ ಎನ್ನು. ಗೀಟು ಎಳೆಯಲು ಶುರುಮಾಡಿದ ಪುಟಕ್ಕೆ ಒಂದು ಕಾಗದದ ಚೂರು ಇಟ್ಟಿರು.

ಅವರೇ: ಅದರ ರಟ್ಟಿನ ಮೇಲೆಲ್ಲ ಅಡಿಕೆಯ ಕಲೆ ಇದೆ ಅಕ್ಕ. ಹೊಸದರಲ್ಲಿ ಬರೆದುಕೊಂಡು ಹೋಗಲೇ?

ಉತ್ತರ: ಬೇಡ ತಂಗಿ. ಅದನ್ನೇ ಒಯ್ಯಿ.