ಐದನೇ ಕ್ಲಾಸಿಗೆ ಇತಿಹಾಸ, ವಿಜ್ಞಾನ ಕೈಯಾರೆ ಮಾಡಿಸಿ ಕಲಿಸೋದು ಹೇಗೆ?

ಬಯಲುಸೀಮೆ ಟೀಚರ್:
ನಮ್ಮದು ಸರ್ಕಾರಿ ಶಾಲೆ, ಐದನೇ ತರಗತಿಯಲ್ಲಿ 26 ಮಕ್ಕಳು. ಶಾಸನ, ವೀರಗಲ್ಲು ಅಂತ ಪಾಠ ಮಾಡಿದರೆ ಚೆನ್ನಾಗಿ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ನಮ್ಮ ಕೆರೆ ಏರಿ ಮೇಲೇ ಒಂದು ವೀರಗಲ್ಲಿದೆ, ದಿನಾ ಅದರ ಪಕ್ಕದಲ್ಲೇ ನಡೆದು ಬರುವ ಮಕ್ಕಳಿಗೆ ಅದೇನು ಅಂತ ಗೊತ್ತಿಲ್ಲ. ಲ್ಯಾಬ್ ಇಲ್ಲ, ದುಡ್ಡೂ ಇಲ್ಲ. ಏನು ಮಾಡಿಸಬಹುದು?

ಹಳೇ ಮೇಷ್ಟ್ರು:
ಕಲ್ಲಿನ ಹತ್ತಿರಕ್ಕೇ ಕರ್ಕೊಂಡು ಹೋಗಿ ಮೇಡಂ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ, ಚಂದ್ರ. ನೀವು ಏನೂ ಹೇಳಬೇಡಿ, ಸುಮ್ನೆ ನೋಡೋಕೆ ಬಿಡಿ. ನಮ್ಮ ಹುಡುಗಿಯೊಬ್ಬಳು ‘ಸಾರ್, ಇಲ್ಲಿ ದನ ಇವೆ’ ಅಂದಳು. ಊರ ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆದು ಸತ್ತವನ ಕಲ್ಲು ಅದು! ತುರುಗೋಳು ಅಂದರೇನು ಅಂತ ಆಮೇಲೆ ಬೇರೆ ಪಾಠ ಬೇಕಾಗಲಿಲ್ಲ.

ಶಾಸನಪ್ರಿಯೆ:
ಒಂದು ವಿನಂತಿ. ಅಕ್ಷರ ಕಾಣಲಿ ಅಂತ ಕಲ್ಲಿಗೆ ಸೀಮೆಸುಣ್ಣ, ಎಣ್ಣೆ ಹಚ್ಚಿಸಬೇಡಿ, ಕಲ್ಲು ಹಾಳಾಗುತ್ತದೆ. ಬೆಳಿಗ್ಗೆ ಬೇಗ ಹೋಗಿ, ಓರೆ ಬಿಸಿಲಲ್ಲಿ ಅಕ್ಷರ ತಾನಾಗೇ ಎದ್ದು ಕಾಣುತ್ತದೆ. ಯಾಕೆ ಅಂತ ಕೇಳಿ, ಬೆಳಕು ನೆರಳಿನ ವಿಜ್ಞಾನವೂ ಅಲ್ಲೇ ಆಯ್ತಲ್ವಾ? ಅಚ್ಚು ತೆಗೆಯೋದನ್ನು ಕ್ಲಾಸಲ್ಲಿ ನಾಣ್ಯದ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಮಾಡಿಸಿ. ಶಾಸನದವರು ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತುತ್ತಾರೆ.

ತೂಬು:
ಕೆರೆ ಅಂದಿರಲ್ಲ, ಅದನ್ನೂ ಬಿಡಬೇಡಿ. ದೊಡ್ಡ ಪ್ಲಾಸ್ಟಿಕ್ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ಸಮ ತೂತು ಮಾಡಿ ನೀರು ತುಂಬಿ. ಕೆಳಗಿನ ತೂತಿಂದ ನೀರು ಜೋರಾಗಿ ಚಿಮ್ಮಿ ಜಾಸ್ತಿ ದೂರ ಬೀಳುತ್ತದೆ. ಆದರೆ ಬಾಟಲಿಯನ್ನು ಎತ್ತರದ ಸ್ಟೂಲಿನ ಅಂಚಿಗೆ ಇಡಬೇಕು. ನೆಲದ ಮೇಲಿಟ್ಟರೆ ನಡುವಿನ ತೂತಿನ ನೀರೇ ದೂರ ಹೋಗುತ್ತದೆ, ಯಾಕೆಂದರೆ ಕೆಳಗಿನದಕ್ಕೆ ಬೀಳೋಕೆ ಎತ್ತರವೇ ಇರಲ್ಲ. ಮೊದಲ ಸಲ ನಾನು ಹಾಗೇ ಇಟ್ಟು ಮಕ್ಕಳ ಮುಂದೆ ತಬ್ಬಿಬ್ಬಾಗಿದ್ದೆ. ಆಮೇಲೆ ಏರಿ ಹತ್ತಿಸಿ, ಅದರ ಬುಡ ಯಾಕೆ ಅಷ್ಟು ಅಗಲ ಅಂತ ಕೇಳಿ. ಉತ್ತರ ಅವರೇ ಹೇಳುತ್ತಾರೆ.

ಬಯಲುಸೀಮೆ ಟೀಚರ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಶನಿವಾರ ಬೆಳಗಿನ ಶಾಲೆ, ಅವತ್ತೇ ಹೋಗುತ್ತೇವೆ. ಹಿಂದೆ ತೂಬು ಎತ್ತುತ್ತಿದ್ದ ನೀರುಗಂಟಿ ತಾತ ಒಬ್ಬರು ಊರಲ್ಲಿದ್ದಾರೆ, ಅವರನ್ನೂ ಏರಿ ಮೇಲೆ ಬರೋಕೆ ಹೇಳಿದ್ದೇನೆ.