ಕಾಫಿಯ ದರ ಏರಿಸಲೇ, ಚಿಕೋರಿ ಹೆಚ್ಚಿಸಲೇ? ಅನುಭವಸ್ಥರು ತಿಳಿಸಿ

ಪ್ರಶ್ನೆ, ಮೈಸೂರಿನಿಂದ:
ನಾಲ್ಕು ವರ್ಷಗಳಿಂದ ಚಿಕ್ಕದೊಂದು ಉಪಾಹಾರ ಗೃಹ ನಡೆಸುತ್ತಿದ್ದೇನೆ. ದಿನಕ್ಕೆ ಸುಮಾರು 300 ಲೋಟ ಕಾಫಿ ಹೋಗುತ್ತದೆ. ದರ 15 ರೂಪಾಯಿ. ಕಿಲೋಗೆ 460 ರೂಪಾಯಿಗೆ ಸಿಗುತ್ತಿದ್ದ 80:20ರ (ಶೇ. 80 ಕಾಫಿ, ಉಳಿದದ್ದು ಚಿಕೋರಿ ಬೇರಿನ ಪುಡಿ) ಪುಡಿಗೆ ಈಗ 780 ಕೊಡುತ್ತಿದ್ದೇನೆ. ದರವನ್ನು 20ಕ್ಕೆ ಏರಿಸಲೇ, 60:40ಕ್ಕೆ ಇಳಿಯಲೇ, ಲೋಟವನ್ನು ಚಿಕ್ಕದು ಮಾಡಲೇ? ಈ ಕಷ್ಟ ಕಂಡವರು ದಯವಿಟ್ಟು ತಿಳಿಸಿ.

ದಾವಣಗೆರೆಯ ಹೋಟೆಲಿನವರು:
ನಾನು 2025ರ ಫೆಬ್ರವರಿಯಲ್ಲಿ 80:20 ಬಿಟ್ಟು 60:40ಕ್ಕೆ ಇಳಿದೆ. ಕಿಲೋಗೆ 130 ರೂಪಾಯಿಯಂತೆ, ದಿನಕ್ಕೆ ಮೂರು ಕಿಲೋಗೆ 390 ರೂಪಾಯಿ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಹನ್ನೊಂದು ವರ್ಷಗಳಿಂದ ಬೆಳಗಿನ ಆರು ಗಂಟೆಗೆ ಬಾಗಿಲು ತೆರೆಯುವ ಮೊದಲೇ ಬಂದು ನಿಲ್ಲುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಮೊದಲ ದಿನ ಅರ್ಧ ಕುಡಿದು ಲೋಟವನ್ನು ಮೇಜಿನ ಮೇಲಿಟ್ಟರು. ಎರಡನೆಯ ದಿನವೂ ಹಾಗೆಯೇ ಮಾಡಿದರು. ಮೂರನೆಯ ದಿನದಿಂದ ಬರಲೇ ಇಲ್ಲ. ಡಿಕಾಕ್ಷನ್ ಕಪ್ಪಾಗಿ, ದಪ್ಪವಾಗಿ ಇಳಿಯುತ್ತಿತ್ತು, ನೋಡುವುದಕ್ಕೆ ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಮೂಗಿಗೆ ಹಿಡಿದರೆ ಏನೂ ಇರಲಿಲ್ಲ. ಮಾರ್ಚ್ ಮುಗಿಯುವಷ್ಟರಲ್ಲಿ 320 ಲೋಟ ಹೋಗುತ್ತಿದ್ದಲ್ಲಿ 240ಕ್ಕೆ ಬಂದು ನಿಂತಿತು. ಏಪ್ರಿಲ್ 1ರಿಂದ ಹಾಲಿನ ದರವೂ ಲೀಟರಿಗೆ 4 ರೂಪಾಯಿ ಏರಿತು. ಆಮೇಲೆ ಹಳೆಯ ಪುಡಿಗೇ ಮರಳಿ, 12 ರೂಪಾಯಿಯ ಕಾಫಿಯನ್ನು ಒಮ್ಮೆಲೇ 18 ಮಾಡಿದೆ. ಉಳಿದವರಲ್ಲೂ ಹಲವರು ಎದುರಿನ ಗಾಡಿಯ ಚಹಾಕ್ಕೆ ಹೋದರು. ಮೇಷ್ಟ್ರು ಇಂದಿಗೂ ಬಂದಿಲ್ಲ. ದಾರಿಯಲ್ಲಿ ಎದುರಾದರೆ ನಾನೇ ತಲೆ ತಗ್ಗಿಸಿ ನಡೆಯುತ್ತೇನೆ.

ಬೆಂಗಳೂರಿನ ಪುಡಿ ಅಂಗಡಿಯವರು:
60:40 ಎಂದರೆ ವಿಷವೆಂಬಂತೆ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕೆ ಕಡಿಮೆಯಾಗಬಾರದು ಎಂಬುದು ಕಾನೂನು, ಅದನ್ನು ಮೀರಿದವನು ನಾನಲ್ಲ. 50 ಕಿಲೋ ಚೀಲಕ್ಕೆ 12,000 ಕೊಟ್ಟು ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಕೊಂಡರೆ, 26 ಓಟಿ (ಚೀಲಕ್ಕೆ 26 ಕಿಲೋ ಬೀಜ) ಬಂದರೂ ಸುಲಿದ ಬೀಜ ಕಿಲೋಗೆ 460 ರೂಪಾಯಿ ದಾಟುತ್ತದೆ. ಹುರಿದಾಗ ನೂರು ಕಿಲೋ 84ಕ್ಕೆ ಇಳಿಯುವುದರಿಂದ ಅದೇ ಬೀಜ 548ಕ್ಕೆ ಬೀಳುತ್ತದೆ. ಪರಿಮಳಕ್ಕೆ ಬೇಕಾದ ಅರೇಬಿಕಾ ಇದಕ್ಕಿಂತ ಬಹಳ ದುಬಾರಿ. ಗ್ಯಾಸು, ಬಾಡಿಗೆ, ಯಂತ್ರದ ಹುಡುಗನ ಸಂಬಳ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಮೊದಲು ಅರ್ಧ ಕಿಲೋ ಒಯ್ಯುತ್ತಿದ್ದವರು ಈಗ ನೂರು ಗ್ರಾಂ ಕೇಳುತ್ತಾರೆ, ಕೇಳುವಾಗ ನನ್ನನ್ನು ಕಳ್ಳನಂತೆ ನೋಡುತ್ತಾರೆ. ಲಾಭ ಎಲ್ಲಿದೆ ಎಂದು ತಿಳಿಯಬೇಕಾದರೆ, ಇನ್ನೂ ಏರಲಿ ಎಂದು ಒಣಚೆರ್ರಿಯನ್ನು ಗೋದಾಮಿನಲ್ಲಿ ಹಿಡಿದಿಟ್ಟ ಬೆಳೆಗಾರರನ್ನು ಕೇಳಿ.

ಕೊಡಗಿನ ಬೆಳೆಗಾರರು:
ನಾನು ಯಾವುದನ್ನೂ ಹಿಡಿದಿಡಲಿಲ್ಲ. ಹಿಡಿದಿಡುವ ಶಕ್ತಿಯಿದ್ದಿದ್ದರೆ ಇಂದು ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. 2024ರ ಜನವರಿಯಲ್ಲಿ ಬ್ಯಾಂಕಿನ ಕಂತು ಮತ್ತು ಕೊಯ್ಲಿನ ಕೂಲಿ ಒಟ್ಟಿಗೇ ಬಂದದ್ದರಿಂದ ಓಟಿಗೆ 250 ರೂಪಾಯಿಯಂತೆ ಕಣದಿಂದಲೇ 140 ಚೀಲ ಕೊಟ್ಟೆ. ಚೀಲಕ್ಕೆ ಸಿಕ್ಕಿದ್ದು 6,500 ರೂಪಾಯಿ. ವಿಯೆಟ್ನಾಮಿನ ಬರದಿಂದ ಲಂಡನ್ ಮಾರುಕಟ್ಟೆಯ ರೋಬಸ್ಟಾ ದರ ಜಿಗಿದು ಏಪ್ರಿಲ್ ಹೊತ್ತಿಗೆ ಅದೇ ಚೀಲ ಹತ್ತು ಸಾವಿರ ಮುಟ್ಟಿದಾಗ ನನ್ನ ಗೋದಾಮಿನಲ್ಲಿ ಖಾಲಿ ಗೋಣಿಗಳಿದ್ದವು. ಆ ವರ್ಷ ಗಿಡ ಹೂವರಳಲು ಬೇಕಾದ ಹೂಮಳೆಯೂ ಕೈಕೊಟ್ಟಿತು. ಸ್ಪ್ರಿಂಕ್ಲರಿನ ಡೀಸೆಲ್ಲಿಗೇ 61,000 ಹೋಯಿತು, ಬ್ಯಾಕಿಂಗ್ (ಹೂವು ಕಾಯಿ ಕಚ್ಚಲು ಬೇಕಾದ ಎರಡನೆಯ ನೀರು) ಕೊಡುವಷ್ಟರಲ್ಲಿ ಕೆರೆಯ ತಳ ಕಂಡಿತು. ಕಚ್ಚಿದ ಅಷ್ಟಿಷ್ಟು ಕಾಯಿಯನ್ನು ಜುಲೈ ಮಳೆ ಉದುರಿಸಿತು. ಗಿಡದ ಬುಡದಲ್ಲಿ ಹಸಿರು ಕಾಯಿ ಚಾಪೆ ಹಾಸಿದಂತೆ ಬಿದ್ದಿತ್ತು, ಅದನ್ನು ತುಳಿಯದೆ ತೋಟದಲ್ಲಿ ನಡೆಯುವಂತಿರಲಿಲ್ಲ. ದರ ಏರಿದ ವರ್ಷ ನನ್ನಲ್ಲಿ ಫಸಲಿರಲಿಲ್ಲ. ಚೀಲಕ್ಕೆ 3,300 ರೂಪಾಯಿ ಇದ್ದಾಗ ಬೆಳೆಗಾರ ಬದುಕಿದ್ದಾನೆಯೇ ಎಂದು ಕೇಳಲು ಯಾವ ಪುಡಿ ಅಂಗಡಿಯವರೂ ಬರಲಿಲ್ಲ.

ಮೈಸೂರಿನ ಗೃಹಿಣಿ:
ಹೋಟೆಲಿನವರು, ಅಂಗಡಿಯವರು, ಬೆಳೆಗಾರರು ತಮ್ಮ ತಮ್ಮ ನಷ್ಟ ಹೇಳಿಕೊಂಡಿರಿ. ಐದು ಜನರ ನಮ್ಮ ಮನೆಗೆ ತಿಂಗಳಿಗೆ ಎರಡು ಕಿಲೋ ಪುಡಿ ಬೇಕಾಗುತ್ತಿತ್ತು. ಮೊದಲು ಸಂಜೆಯ ಕಾಫಿಯನ್ನು ಬಿಟ್ಟೆವು. ಆಮೇಲೆ ಗಸಿಗೆ ಎರಡನೆಯ ಸಲ ನೀರು ಹಾಕಿ ಇಳಿಸಿ ನೋಡಿದೆ. ನಮ್ಮ ಮಾವನವರು ಒಂದು ಗುಟುಕು ಕುಡಿದು, ‘ನನಗೆ ನಾಳೆಯಿಂದ ಹಾಲೇ ಸಾಕಮ್ಮ’ ಎಂದರು. ಎಂಬತ್ತೆರಡು ವರ್ಷದವರಿಂದ ಆ ಮಾತು ಕೇಳಿದ ದಿನ ನನಗೆ ಅಳು ಬಂದಿತು. ಆಗ ನಾನು ಪೊಟ್ಟಣ ತಿರುಗಿಸಿ ಓದಿದೆ. ಹದಿನೈದು ವರ್ಷಗಳಿಂದ ಕಾಫಿಯೆಂದು ದುಡ್ಡು ಕೊಟ್ಟು ತಂದದ್ದರಲ್ಲಿ ಶೇ. 40 ಚಿಕೋರಿ ಎಂದು ಇರುವೆಯ ಗಾತ್ರದ ಅಕ್ಷರಗಳಲ್ಲಿತ್ತು. ಈಗ ಹುರಿದ ಬೀಜವನ್ನೇ ಒಂದು ಕಿಲೋ ತಂದು, ವಾರಕ್ಕೊಮ್ಮೆ ಕೈಯಂತ್ರದಲ್ಲಿ ಬೀಸಿಕೊಳ್ಳುತ್ತೇನೆ. ಲೋಟ ಚಿಕ್ಕದಾಗಿದೆ, ಆದರೆ ಮಾವನವರು ಮತ್ತೆ ಕಾಫಿ ಕುಡಿಯುತ್ತಿದ್ದಾರೆ. ಈ ನಿರ್ಧಾರದ ಬಗ್ಗೆ ನನಗೆ ಹೆಮ್ಮೆಯಿದೆ.

ಬೆಂಗಳೂರಿನ ಪುಡಿ ಅಂಗಡಿಯವರು:
ಅಮ್ಮಾ, ಅಕ್ಷರ ಸಣ್ಣದಿದ್ದರೂ ಬರೆದಿತ್ತಲ್ಲ. ದಪ್ಪ ಡಿಕಾಕ್ಷನ್ ಬೇಕೆಂದು ಕೇಳುವವರು ನಿಮ್ಮಂಥ ಮನೆಗಳವರೇ. ಬೆಳೆಗಾರರಿಗೆ ಒಂದು ಮಾತು: ನೀವು 26 ಓಟಿ ಎಂದು ಕೊಟ್ಟ ಚೆರ್ರಿ ನಮ್ಮಲ್ಲಿ ಸುಲಿದಾಗ ಎಷ್ಟೋ ಸಲ 24 ಸಹ ಬಂದಿಲ್ಲ. ಸರಿಯಾಗಿ ಒಣಗಿಸದೆ ತೂಕಕ್ಕೆ ಹಾಕಿದವರ ನೀರಿಗೂ ನಾವು ಕಾಫಿಯ ದುಡ್ಡು ಕೊಟ್ಟಿದ್ದೇವೆ.

ಚಿಕ್ಕಮಗಳೂರಿನ ಅರೇಬಿಕಾ ಬೆಳೆಗಾರರು:
ಇಲ್ಲಿ ಬರೀ ರೋಬಸ್ಟಾದ ಮಾತಾಯಿತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿ, ತಿರುಳು ತೆಗೆದು ಒಣಗಿಸಿದ ನಮ್ಮ ಪಾರ್ಚ್‌ಮೆಂಟ್ ಚೀಲಕ್ಕೆ 25,000ಕ್ಕೂ ಮೇಲೆ ಹೋದಾಗ ನೆಂಟರೆಲ್ಲ ನಾನು ಕೋಟ್ಯಧಿಪತಿಯಾದೆನೆಂದೇ ನಂಬಿದರು. ಕಾಂಡಕೊರಕ ಹೊಕ್ಕ ಮೂರು ಸಾವಿರ ಗಿಡಗಳನ್ನು ಕಿತ್ತು ಸುಟ್ಟ ಮೇಲೆ ನನ್ನಲ್ಲಿ ಉಳಿದದ್ದು 22 ಚೀಲ. ಆ ಬೆಂಕಿಯ ಹೊಗೆ ಎರಡು ದಿನ ಮನೆಯೊಳಗಿತ್ತು. ರೋಬಸ್ಟಾದವರಿಗೆ ಈ ಸಂಕಟ ತಿಳಿಯುವುದಿಲ್ಲ.

ಕೊಡಗಿನ ಬೆಳೆಗಾರರು:
ನಮಗೆ ಸಂಕಟ ತಿಳಿಯದೆಂದು ನೀವು ಹೇಳಬೇಡಿ. ನೀರಿಲ್ಲದ ಮಾರ್ಚ್ ತಿಂಗಳನ್ನು ನಮ್ಮ ತೋಟದಲ್ಲಿ ಒಮ್ಮೆ ಕಳೆದು ನೋಡಿ. ಪುಡಿ ಅಂಗಡಿಯವರೇ, ನಾನೇ ತೂಗಿ 26 ಬಂದ ಮಾದರಿಯನ್ನು ವ್ಯಾಪಾರಿಯೊಬ್ಬರು ತಮ್ಮ ತಕ್ಕಡಿಯಲ್ಲಿ 24.5 ಎಂದು ತೋರಿಸಿ, ತೇವಾಂಶದ ಹೆಸರಿನಲ್ಲಿ ಮತ್ತಷ್ಟು ಕಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಚೆರ್ರಿ ಕಚ್ಚಿದರೆ ಕಟ್ಟೆನ್ನುವಷ್ಟು ಒಣಗಿತ್ತು. ಬರುವ ಜನವರಿಯಲ್ಲಿ ನಿಮ್ಮದೇ ತೇವಾಂಶದ ಮೀಟರು ಹಿಡಿದು ನನ್ನ ಕಣಕ್ಕೆ ಬನ್ನಿ. ಯಾವ ಮೂಲೆಯ ಚೀಲ ಬೇಕೋ ನೀವೇ ಬಿಚ್ಚಿ ಮಾದರಿ ತೆಗೆಯಿರಿ, ಸುಲಿದು ತೂಗುವವರೆಗೂ ನಾನು ಎದುರಿಗೇ ನಿಂತಿರುತ್ತೇನೆ.